ಹಿರಿಯನ ಜಾಗಕ್ಕೆ ಹೊಸ ಹುಡುಗ: ಚೆಟ್ರಿ ನಂತರ ಯಾರು? ಪುಣೆಯಲ್ಲೂ ಇದೆ ಉತ್ತರದ ಒಂದು ಭಾಗ

ಪುಣೆ: ತಂಡದಲ್ಲಿ ಒಬ್ಬ ಹಿರಿಯ ಆಟಗಾರ. ವರ್ಷಗಟ್ಟಲೆ ಗೋಲು ಹೊಡೆದವರು. ವೇಗ ಮೊದಲಿನಂತಿಲ್ಲ, ಆದರೂ ಅವರ ಹೆಸರು ಕೇಳಿದರೆ ಸ್ಟೇಡಿಯಂ ಎದ್ದು ನಿಲ್ಲುತ್ತದೆ. ಬೆಂಚ್‌ನಲ್ಲಿ ಒಬ್ಬ 21ರ ಹುಡುಗ. ಓಟವಿದೆ, ಹಸಿವಿದೆ, ಆದರೆ ದೊಡ್ಡ ಪಂದ್ಯದ ಅನುಭವವಿಲ್ಲ. ಕೋಚ್ ಯಾರನ್ನು ಇಳಿಸಬೇಕು?

ಭಾರತೀಯ ಫುಟ್‌ಬಾಲ್‌ನಲ್ಲಿ ಈ ಪ್ರಶ್ನೆಗೆ ಕಳೆದ ಕೆಲವು ವರ್ಷಗಳಿಂದ ಒಂದೇ ಹೆಸರು ಅಂಟಿಕೊಂಡಿದೆ: ಸುನಿಲ್ ಚೆಟ್ರಿ. 2025ರ ಆಗಸ್ಟ್‌ನಲ್ಲಿ ಅವರಿಗೆ 41 ತುಂಬಿತು. ಒಮ್ಮೆ ನಿವೃತ್ತಿಯಾದರು, ಮತ್ತೆ ಬಂದರು, ಮತ್ತೆ ವಿದಾಯ ಹೇಳಿದರು. ಆದರೆ ಅವರ ಜಾಗದಲ್ಲಿ ನಿಲ್ಲುವವರು ಯಾರು ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಸಾಮಾನ್ಯವಾಗಿ ಈ ಚರ್ಚೆ 'ಚೆಟ್ರಿಯಷ್ಟು ಒಳ್ಳೆಯ ಹುಡುಗ ಇದ್ದಾನಾ' ಎಂಬಲ್ಲಿಗೆ ನಿಲ್ಲುತ್ತದೆ. ಆದರೆ ಬೆಂಗಳೂರು ಎಫ್‌ಸಿ ಮತ್ತು ಭಾರತ ತಂಡದ ಇತಿಹಾಸ ನೋಡಿದರೆ ಕೇಳಬೇಕಾದ ಪ್ರಶ್ನೆಯೇ ಬೇರೆ. ಹಿರಿಯ ಆಡುತ್ತಿರುವಾಗಲೇ ಹೊಸಬನಿಗೆ ಎಷ್ಟು ನಿಮಿಷ ಆಡಲು ಸಿಕ್ಕಿತು?

ಸದಾಶಿವ ಪೇಠಕ್ಕೆ ಗೊತ್ತಿರುವ ಕಥೆ

ಪುಣೆಯ ಸದಾಶಿವ ಪೇಠಕ್ಕೆ ಇಂಥ ಕಥೆ ಹೊಸದಲ್ಲ. ಎಸ್‌.ಪಿ. ಕಾಲೇಜು, ತಿಲಕ್ ರಸ್ತೆ, ಗಲ್ಲಿಗೊಂದರಂತೆ ಅಧ್ಯಯನ ಕೊಠಡಿಗಳು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಸಾವಿರಾರು ಯುವಕರು ಇರುವ ಪ್ರದೇಶವಿದು. ಇಲ್ಲಿ ಆಟದ ಮಾತು ಶುರುವಾದರೆ ಮೊದಲು ಬರುವುದು ಕ್ರಿಕೆಟ್. ಅದರಲ್ಲೂ ಪುಣೆಯ ಹುಡುಗ ಋತುರಾಜ್ ಗಾಯಕ್ವಾಡ್.

2024ರ ಮಾರ್ಚ್‌ನಲ್ಲಿ ಚೆನ್ನೈ ಸೂಪರ್ ಕಿಂಗ್ಸ್ ನಾಯಕತ್ವವನ್ನು ಮಹೇಂದ್ರ ಸಿಂಗ್ ಧೋನಿ ಋತುರಾಜ್‌ಗೆ ಒಪ್ಪಿಸಿದರು. ಅದು ರಾತ್ರೋರಾತ್ರಿ ಆದ ಬದಲಾವಣೆಯಲ್ಲ. 2019ರಿಂದ ಋತುರಾಜ್ ಅದೇ ತಂಡದಲ್ಲಿದ್ದರು. 2021ರಲ್ಲಿ 635 ರನ್ ಗಳಿಸಿ ಆರೆಂಜ್ ಕ್ಯಾಪ್ ಗೆದ್ದಾಗಲೂ ಧೋನಿಯೇ ನಾಯಕ. ಐದು ವರ್ಷ ಪಕ್ಕದಲ್ಲಿದ್ದು ನೋಡಿ ಕಲಿತ ಬಳಿಕವೇ ಹೊಣೆ ಹೆಗಲಿಗೆ ಬಂತು.

ಆದರೂ 2025ರ ಏಪ್ರಿಲ್‌ನಲ್ಲಿ ಮೊಣಕೈ ಗಾಯದಿಂದ ಋತುರಾಜ್ ಹೊರಬಿದ್ದಾಗ ತಂಡ ಮತ್ತೆ 43ರ ಧೋನಿಯತ್ತಲೇ ತಿರುಗಿತು. ಆ ಋತುವಿನಲ್ಲಿ ಚೆನ್ನೈ ಅಂಕಪಟ್ಟಿಯ ಕೊನೆಯ ಸ್ಥಾನಕ್ಕೆ ಇಳಿಯಿತು. ಹಿರಿಯರನ್ನು ಮರಳಿ ಕರೆದರೆ ಅಭಿಮಾನಿಗೆ ಸಮಾಧಾನ ಸಿಗಬಹುದು, ಫಲಿತಾಂಶ ಸಿಗುತ್ತದೆ ಎಂಬ ಖಾತ್ರಿಯಿಲ್ಲ. ಅದೇ ವರ್ಷ ಭಾರತ ಫುಟ್‌ಬಾಲ್ ತಂಡವೂ ಇದೇ ದಾರಿ ಹಿಡಿಯಿತು, ಇದೇ ಪಾಠ ಕಲಿಯಿತು.

ಪುಣೆಯ ಮನೆಬಾಗಿಲಿಗೆ ಬಂದಿದ್ದ ಚೆಟ್ರಿ

ಪುಣೆಯ ಫುಟ್‌ಬಾಲ್ ಅಭಿಮಾನಿಗೆ ಚೆಟ್ರಿ ದೂರದ ಹೆಸರಲ್ಲ, ಹಳೆಯ ಗಾಯ. 2017-18ರ ಐಎಸ್‌ಎಲ್ ಸೆಮಿಫೈನಲ್‌ನಲ್ಲಿ ಎಫ್‌ಸಿ ಪುಣೆ ಸಿಟಿ ಎದುರಾಗಿದ್ದು ಬೆಂಗಳೂರು ಎಫ್‌ಸಿಯನ್ನು. ಬಾಲೇವಾಡಿಯಲ್ಲಿ ನಡೆದ ಮೊದಲ ಪಂದ್ಯ ಗೋಲಿಲ್ಲದೆ ಮುಗಿಯಿತು. 2018ರ ಮಾರ್ಚ್ 11ರಂದು ಕಂಠೀರವದಲ್ಲಿ ನಡೆದ ಎರಡನೇ ಪಂದ್ಯದಲ್ಲಿ ಚೆಟ್ರಿ ಹ್ಯಾಟ್ರಿಕ್ ಬಾರಿಸಿದರು. 3-1ರಿಂದ ಸೋತ ಪುಣೆ ಮನೆಗೆ ಮರಳಿತು.

ಆ ಋತುವಿನಲ್ಲಿ 33ರ ಚೆಟ್ರಿ ಹೊಡೆದ ಗೋಲು 14. ಏಳು ವರ್ಷದ ಬಳಿಕ, 2024-25ರಲ್ಲಿ, 40 ದಾಟಿದ ಅದೇ ಚೆಟ್ರಿ ಹೊಡೆದ ಗೋಲೂ 14! ಆ ಋತುವಿನಲ್ಲಿ ಅಷ್ಟು ಗೋಲು ಹೊಡೆದ ಮತ್ತೊಬ್ಬ ಭಾರತೀಯ ಆಟಗಾರನಿರಲಿಲ್ಲ. 2024ರ ಡಿಸೆಂಬರ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಹ್ಯಾಟ್ರಿಕ್, ಗೋವಾ ವಿರುದ್ಧದ ಸೆಮಿಫೈನಲ್‌ನಲ್ಲಿ ಬದಲಿ ಆಟಗಾರನಾಗಿ ಇಳಿದು ಕೊನೆಯ ಕ್ಷಣದಲ್ಲಿ ತಲೆಯಿಂದ ಹೊಡೆದ ಗೋಲು. ಬೆಂಗಳೂರು ಫೈನಲ್ ತಲುಪಿದ್ದು ಆ ಗೋಲಿನಿಂದ.

ಈ ಅಂಕಿಯನ್ನು ಎರಡು ರೀತಿ ಓದಬಹುದು. ಚೆಟ್ರಿ ಎಂಥ ಆಟಗಾರ ಎಂಬುದಕ್ಕೆ ಇದು ಸಾಕ್ಷಿ. ಈ ಏಳು ವರ್ಷಗಳಲ್ಲಿ ಅವರನ್ನು ಹಿಂದಿಕ್ಕುವ ಒಬ್ಬ ಭಾರತೀಯ ಸ್ಟ್ರೈಕರ್ ಬೆಳೆಯಲಿಲ್ಲ ಎಂಬುದಕ್ಕೂ ಇದೇ ಸಾಕ್ಷಿ.

ಒಮ್ಮೆ ಹುಡುಗ ಜಾಗ ಪಡೆದಿದ್ದ

ಹೊಸಬ ಹಿರಿಯನ ಜಾಗಕ್ಕೆ ಬರಲು ಸಾಧ್ಯವೇ ಇಲ್ಲ ಎನ್ನುವವರು ಬೆಂಗಳೂರು ಎಫ್‌ಸಿಯ 2022-23ರ ಋತುವನ್ನು ಒಮ್ಮೆ ನೆನೆಯಬೇಕು. ಏಕೆಂದರೆ ಅಲ್ಲಿ ಇದು ನಿಜಕ್ಕೂ ನಡೆದಿತ್ತು.

ತಮಿಳುನಾಡಿನ ಶಿವಗಂಗಾ ಜಿಲ್ಲೆಯ ಶಿವಶಕ್ತಿ ನಾರಾಯಣನ್‌ಗೆ ಆಗ 21 ವರ್ಷ. 2022ರ ಸೆಪ್ಟೆಂಬರ್‌ನಲ್ಲಿ ಮುಂಬೈ ಸಿಟಿ ವಿರುದ್ಧದ ಡುರಾಂಡ್ ಕಪ್ ಫೈನಲ್‌ನಲ್ಲಿ ಗೋಲು ಹೊಡೆದು ಬೆಂಗಳೂರಿಗೆ ಟ್ರೋಫಿ ಗೆಲ್ಲಿಸಲು ನೆರವಾದ ಹುಡುಗ. ಐಎಸ್‌ಎಲ್ ಆರಂಭದಲ್ಲಿ ತಂಡ ಎಡವಿತು. ಆಗ ಕೋಚ್ ಸೈಮನ್ ಗ್ರೇಸನ್ ಒಂದು ಗಟ್ಟಿ ನಿರ್ಧಾರ ಮಾಡಿದರು. ಫಿಜಿಯ ರಾಯ್ ಕೃಷ್ಣ ಜತೆ ಶಿವಶಕ್ತಿಯನ್ನು ಆರಂಭದಿಂದಲೇ ಆಡಿಸಿದರು. ಚೆಟ್ರಿ ಬೆಂಚ್‌ಗೆ ಸರಿದರು.

ಫಲಿತಾಂಶ? ಲೀಗ್‌ನ ಕೊನೆಯಲ್ಲಿ ಬೆಂಗಳೂರು ಸತತ ಎಂಟು ಪಂದ್ಯ ಗೆದ್ದು ನಾಲ್ಕನೇ ಸ್ಥಾನಕ್ಕೇರಿತು. ಶಿವಶಕ್ತಿ ಲೀಗ್‌ನ ಉದಯೋನ್ಮುಖ ಆಟಗಾರ ಪ್ರಶಸ್ತಿ ಪಡೆದರು. ಹುಡುಗನ ಓಟ ಎದುರಾಳಿ ಡಿಫೆಂಡರ್‌ಗಳನ್ನು ದಣಿಸುತ್ತಿತ್ತು. ಅವರು ಸುಸ್ತಾದ ಹೊತ್ತಿಗೆ ಚೆಟ್ರಿ ಮೈದಾನಕ್ಕಿಳಿಯುತ್ತಿದ್ದರು.

ಮೂಲೆಗುಂಪಾಗುತ್ತಾರೆ ಎಂದುಕೊಂಡಿದ್ದ ಹಿರಿಯ ಆಟಗಾರನಿಗೂ ಇದರಿಂದ ಒಳ್ಳೆಯದೇ ಆಯಿತು. ಕೇರಳ ಬ್ಲಾಸ್ಟರ್ಸ್ ವಿರುದ್ಧದ ಪ್ಲೇಆಫ್‌ನ ಹೆಚ್ಚುವರಿ ಸಮಯದಲ್ಲಿ ಚೆಟ್ರಿ ಥಟ್ಟನೆ ಹೊಡೆದ ಫ್ರೀಕಿಕ್, ಕೇರಳ ತಂಡ ಮೈದಾನ ಬಿಟ್ಟು ನಡೆದ ಆ ವಿವಾದ ಎಲ್ಲರಿಗೂ ನೆನಪಿದೆ. ಮುಂಬೈ ಸಿಟಿ ವಿರುದ್ಧ ಸೆಮಿಫೈನಲ್‌ನ ಮೊದಲ ಪಂದ್ಯದಲ್ಲೂ ಏಕೈಕ ಗೋಲು ಬೆಂಚ್‌ನಿಂದ ಎದ್ದು ಬಂದ ಚೆಟ್ರಿಯದ್ದೇ.

2023ರ ಮಾರ್ಚ್ 18ರಂದು ಗೋವಾದ ಫತೋರ್ದಾದಲ್ಲಿ ಫೈನಲ್. ಶಿವಶಕ್ತಿ ಆರಂಭಿಕ ಹನ್ನೊಂದರಲ್ಲಿದ್ದರು, ಚೆಟ್ರಿ ಇರಲಿಲ್ಲ. ಆದರೆ ಪಂದ್ಯ ಶುರುವಾದ ಕೆಲವೇ ನಿಮಿಷಗಳಲ್ಲಿ ಗಾಯಗೊಂಡ ಹುಡುಗ ಹೊರನಡೆಯಬೇಕಾಯಿತು. ಅವರ ಬದಲಿಗೆ ಇಳಿದವರು ಚೆಟ್ರಿ. ಹುಡುಗನಿಗೆ ಬಿಟ್ಟುಕೊಟ್ಟಿದ್ದ ಜಾಗಕ್ಕೆ ಹಿರಿಯರೇ ಮರಳಿದರು, ಪೆನಾಲ್ಟಿಯಲ್ಲಿ ಗೋಲನ್ನೂ ಹೊಡೆದರು. 2-2ರ ಸಮಬಲದ ಬಳಿಕ ಶೂಟೌಟ್‌ನಲ್ಲಿ ಬೆಂಗಳೂರು ಮೋಹನ್ ಬಾಗಾನ್‌ಗೆ ಸೋತಿತು.

ಆ ಪ್ರಯೋಗಕ್ಕೆ ಮುಂದೆ ಅದೇ ಬಲ ಸಿಗಲಿಲ್ಲ. 2023-24ರಲ್ಲಿ ಬೆಂಗಳೂರು 10ನೇ ಸ್ಥಾನಕ್ಕೆ ಕುಸಿಯಿತು. ಋತುವಿನ ಮಧ್ಯೆಯೇ ಗ್ರೇಸನ್ ಹೊರನಡೆದರು. ಶಿವಶಕ್ತಿಗೆ ಹಳೆಯ ಲಯ ಮರಳಲಿಲ್ಲ. ಸೋಲುವ ತಂಡದಲ್ಲಿ ಮೊದಲು ಜಾಗ ಕಳೆದುಕೊಳ್ಳುವುದು ಸಾಮಾನ್ಯವಾಗಿ ಹೊಸಬನೇ. ಹಿರಿಯರಿಗೆ ಹಳೆಯ ಸಾಧನೆಯ ಆಸರೆ ಇರುತ್ತದೆ, ಹುಡುಗನಿಗೆ ಹಿಂದಿನ ಪಂದ್ಯವೊಂದೇ ದಾಖಲೆ.

ಅಂಕಿಗಳು ಹೇಳುವುದೇನು?

ಭಾರತ ತಂಡದ ಕಥೆ ಇನ್ನೂ ಕಠಿಣ. 2024ರ ಜೂನ್ 6ರಂದು ಕೋಲ್ಕತ್ತಾದ ಸಾಲ್ಟ್ ಲೇಕ್ ಸ್ಟೇಡಿಯಂನಲ್ಲಿ ಕುವೈತ್ ವಿರುದ್ಧ 0-0 ಡ್ರಾ ಆದ ಪಂದ್ಯದೊಂದಿಗೆ ಚೆಟ್ರಿ ಮೊದಲ ಬಾರಿ ವಿದಾಯ ಹೇಳಿದರು. 151 ಪಂದ್ಯ, 94 ಗೋಲು. ಆಗ ಹಲವರು ಹೇಳಿದ್ದು ಒಂದೇ ಮಾತು: ಇನ್ನು ಹೊಸಬರಿಗೆ ದಾರಿ ತೆರೆಯಿತು.

ದಾರಿ ತೆರೆಯಿತು ನಿಜ, ನಡೆಯುವವರು ಸಿದ್ಧರಿರಲಿಲ್ಲ. ಆ ವರ್ಷದ ಉಳಿದ ಐದು ಪಂದ್ಯಗಳಲ್ಲಿ ಕತಾರ್, ಮಾರಿಷಸ್, ಸಿರಿಯಾ, ವಿಯೆಟ್ನಾಂ, ಮಲೇಷ್ಯಾ ವಿರುದ್ಧ ಭಾರತ ಹೊಡೆದಿದ್ದು ಒಟ್ಟು ಮೂರೇ ಗೋಲು. ಹೊಡೆದವರು ಲಾಲಿಯನ್‌ಜುವಾಲಾ ಚಾಂಗ್ಟೆ, ಫಾರೂಕ್ ಚೌಧರಿ ಮತ್ತು ಡಿಫೆಂಡರ್ ರಾಹುಲ್ ಭೇಕೆ. 2024ರಲ್ಲಿ ಆಡಿದ 11 ಪಂದ್ಯಗಳಲ್ಲಿ ಒಂದನ್ನೂ ಭಾರತ ಗೆಲ್ಲಲಿಲ್ಲ.

ಕೋಚ್ ಮನೋಲೊ ಮಾರ್ಕೆಜ್ ಚೆಟ್ರಿಯನ್ನು ಮರಳಿ ಕರೆಸಿದರು. 2025ರ ಮಾರ್ಚ್ 19ರಂದು ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ 3-0 ಜಯ ಸಿಕ್ಕಿತು, ಚೆಟ್ರಿಯ 95ನೇ ಗೋಲೂ ಬಂತು. 489 ದಿನಗಳ ಬಳಿಕ ಭಾರತ ಪಂದ್ಯವೊಂದನ್ನು ಗೆದ್ದಿತ್ತು.

ಆದರೆ ಸಂಭ್ರಮ ಅಲ್ಲಿಗೇ ಮುಗಿಯಿತು. ಬಾಂಗ್ಲಾದೇಶ ವಿರುದ್ಧ 0-0, ಹಾಂಕಾಂಗ್ ವಿರುದ್ಧ 0-1. ಅಕ್ಟೋಬರ್‌ನಲ್ಲಿ ಸಿಂಗಾಪುರದಲ್ಲಿ 1-1, ನಂತರ ಗೋವಾದಲ್ಲಿ ಅದೇ ಸಿಂಗಾಪುರಕ್ಕೆ 1-2ರ ಸೋಲು. 2027ರ ಏಷ್ಯನ್ ಕಪ್ ಕನಸು ಅಲ್ಲಿಗೆ ಭಗ್ನವಾಯಿತು. ಮರಳಿ ಬಂದ ಮೇಲೆ ಚೆಟ್ರಿ ಹೊಡೆದ ಅಂತರರಾಷ್ಟ್ರೀಯ ಗೋಲು ಆ ಒಂದೇ. ಅದರ ಬೆನ್ನಲ್ಲೇ ಅವರು ರಾಷ್ಟ್ರೀಯ ತಂಡದಿಂದ ಎರಡನೇ ಬಾರಿ ಹೊರನಡೆದರು.

ಇದಕ್ಕೆ ಪ್ರತಿವಾದವೂ ಇದೆ. ಚೆಟ್ರಿ ಇಲ್ಲದೆಯೇ ಖಾಲಿದ್ ಜಮೀಲ್ ಗರಡಿಯ ಭಾರತ 2025ರ ಸೆಪ್ಟೆಂಬರ್‌ನಲ್ಲಿ ಕಾಫಾ ನೇಷನ್ಸ್ ಕಪ್‌ನಲ್ಲಿ ಒಮಾನ್ ಅನ್ನು ಶೂಟೌಟ್‌ನಲ್ಲಿ ಮಣಿಸಿ ಮೂರನೇ ಸ್ಥಾನ ಪಡೆಯಲಿಲ್ಲವೇ? ಪಡೆಯಿತು. ಆದರೆ ಆ ಟೂರ್ನಿಯಲ್ಲಿ ಭಾರತದ ಪರ ಗೋಲು ಹೊಡೆದವರನ್ನು ನೋಡಿ: ಅನ್ವರ್ ಅಲಿ, ಸಂದೇಶ್ ಜಿಂಗನ್, ಉದಾಂತ ಸಿಂಗ್. ಮೊದಲ ಇಬ್ಬರು ಡಿಫೆಂಡರ್‌ಗಳು, ಮೂರನೆಯವರು ವಿಂಗರ್. ಹಿರಿಯರಿಲ್ಲದೆ ತಂಡ ಬದುಕಬಲ್ಲದು ಎಂಬುದಕ್ಕೆ ಅದು ಪುರಾವೆ, ಅವರ ಕೆಲಸಕ್ಕೆ ಆಳು ಸಿಕ್ಕಿದ ಪುರಾವೆಯಲ್ಲ.

ಹಿಂದೆ ಹೇಗೆ ಆಗಿತ್ತು?

ಹಾಗಾದರೆ ಚೆಟ್ರಿ ಹೇಗೆ ಬಂದರು? ಅವರೂ ಒಮ್ಮೆ ಹೊಸಬರೇ. 2005ರ ಜೂನ್‌ನಲ್ಲಿ ಪಾಕಿಸ್ತಾನದ ಕ್ವೆಟ್ಟಾದಲ್ಲಿ ಮೊದಲ ಪಂದ್ಯ, ಮೊದಲ ಗೋಲು. ಆಗ ತಂಡದ ದೊಡ್ಡ ಹೆಸರು ಭೈಚುಂಗ್ ಭುಟಿಯಾ. ಭುಟಿಯಾ ಅಂತರರಾಷ್ಟ್ರೀಯ ಫುಟ್‌ಬಾಲ್ ಬಿಟ್ಟಿದ್ದು 2011ರ ಆಗಸ್ಟ್‌ನಲ್ಲಿ. ಅಂದರೆ ಇಬ್ಬರೂ ಆರು ವರ್ಷ ಒಂದೇ ತಂಡದಲ್ಲಿದ್ದರು.

2008ರಲ್ಲಿ ದೆಹಲಿಯಲ್ಲಿ ನಡೆದ ಎಎಫ್‌ಸಿ ಚಾಲೆಂಜ್ ಕಪ್ ಫೈನಲ್‌ನಲ್ಲಿ ಭಾರತ ತಜಕಿಸ್ತಾನವನ್ನು 4-1ರಿಂದ ಸೋಲಿಸಿತು. ಚೆಟ್ರಿ ಮೂರು ಗೋಲು, ಭುಟಿಯಾ ಒಂದು. ಆ ಗೆಲುವೇ ಭಾರತವನ್ನು 2011ರ ಏಷ್ಯನ್ ಕಪ್‌ಗೆ ಕರೆದೊಯ್ದಿತು. ಅಲ್ಲಿ ಗಾಯದಿಂದ ಭುಟಿಯಾ ಹೆಚ್ಚು ಆಡಲಾಗದಿದ್ದಾಗ ಬಹರೇನ್ ಮತ್ತು ದಕ್ಷಿಣ ಕೊರಿಯಾ ವಿರುದ್ಧ ಗೋಲು ಹೊಡೆದವರು 26ರ ಚೆಟ್ರಿ. ಜವಾಬ್ದಾರಿ ಬಂದ ದಿನ ಅವರು ಹೊಸಬರಾಗಿ ಉಳಿದಿರಲಿಲ್ಲ.

ಅದಕ್ಕೂ ಹಿಂದಿನ ತಲೆಮಾರಿನಲ್ಲೂ ಹೀಗೇ ಆಗಿತ್ತು. 1995ರಲ್ಲಿ ಭುಟಿಯಾ ಬಂದಾಗ ಐ.ಎಂ. ವಿಜಯನ್ ಇದ್ದರು. 2003ರವರೆಗೂ ವಿಜಯನ್ ಭಾರತಕ್ಕೆ ಆಡಿದರು. ವಿಜಯನ್‌ರಿಂದ ಭುಟಿಯಾ, ಭುಟಿಯಾರಿಂದ ಚೆಟ್ರಿ. ಎರಡೂ ಸಲ ಹೊಸಬ ಹಿರಿಯನ ಜಾಗಕ್ಕೆ ನೇರವಾಗಿ ಬರಲಿಲ್ಲ, ಮೊದಲು ಪಕ್ಕಕ್ಕೆ ಬಂದ. ವರ್ಷಗಳ ಬಳಿಕ ಹಿರಿಯರು ಸರಿದಾಗ ಜಾಗ ಖಾಲಿಯಾಯಿತೆಂದು ಯಾರಿಗೂ ಅನ್ನಿಸಲಿಲ್ಲ.

ಈ ಸರಪಳಿ ತುಂಡಾದದ್ದು ಚೆಟ್ರಿಯ ಕಾಲದಲ್ಲಿ. ಅವರ ಪಕ್ಕದಲ್ಲಿ ದೀರ್ಘಕಾಲ ನಿಂತು ನಿಯಮಿತವಾಗಿ ಗೋಲು ಹೊಡೆದ ಸ್ಟ್ರೈಕರ್ ಎಂದರೆ ಮಿಜೋರಾಂನ ಜೆಜೆ ಲಾಲ್‌ಪೆಖ್ಲುವಾ. 2016ರ ಜನವರಿಯಲ್ಲಿ ಅಫ್ಗಾನಿಸ್ತಾನ ವಿರುದ್ಧದ ಸ್ಯಾಫ್ ಫೈನಲ್‌ನಲ್ಲಿ ಭಾರತದ ಎರಡು ಗೋಲುಗಳಲ್ಲಿ ಒಂದು ಜೆಜೆಯದ್ದು, ಇನ್ನೊಂದು ಚೆಟ್ರಿಯದ್ದು. ಭಾರತಕ್ಕೆ 23 ಗೋಲು ಹೊಡೆದ ಜೆಜೆ ಮೊಣಕಾಲಿನ ಗಾಯದಿಂದ 2019ರ ನಂತರ ರಾಷ್ಟ್ರೀಯ ತಂಡಕ್ಕೆ ಮರಳಲೇ ಇಲ್ಲ. ಆ ಗಾಯಕ್ಕೆ ತಂಡದ ಬಳಿ ಬದಲಿ ಯೋಜನೆ ಇರಲಿಲ್ಲ.

ಗೋಲು ಹೊಡೆಯುವ ಕೆಲಸ ವಿದೇಶಿಗರಿಗೆ

ಬದಲಿ ಯೋಜನೆ ಏಕಿರಲಿಲ್ಲ? ಉತ್ತರ ಕ್ಲಬ್‌ಗಳ ಆರಂಭಿಕ ಹನ್ನೊಂದರ ಪಟ್ಟಿಯಲ್ಲಿದೆ. 2014ರಲ್ಲಿ ಶುರುವಾದ ಐಎಸ್‌ಎಲ್‌ನಲ್ಲಿ 2024-25ರವರೆಗೆ ಒಬ್ಬನೇ ಒಬ್ಬ ಭಾರತೀಯ ಗೋಲ್ಡನ್ ಬೂಟ್ ಗೆದ್ದಿಲ್ಲ. ಮೈದಾನದಲ್ಲಿ ನಾಲ್ವರು ವಿದೇಶಿಯರಿಗೆ ಅವಕಾಶವಿದ್ದರೆ, ಅವರಲ್ಲಿ ಒಬ್ಬ ಬಹುತೇಕ ಖಚಿತವಾಗಿ ಸ್ಟ್ರೈಕರ್. ಸೋತರೆ ಕೆಲಸ ಹೋಗುವ ಭಯದಲ್ಲಿರುವ ಕೋಚ್ 20ರ ಹುಡುಗನನ್ನು ನಂಬಿ ಕೂರಲಾರ.

ಶ್ರೀನಗರದ ಸುಹೇಲ್ ಅಹ್ಮದ್ ಭಟ್ ಇದಕ್ಕೆ ಒಳ್ಳೆಯ ಉದಾಹರಣೆ. 2005ರಲ್ಲಿ ಹುಟ್ಟಿದ ಈ ಸ್ಟ್ರೈಕರ್ ಭಾರತ ತಂಡಕ್ಕೂ ಬಂದಿದ್ದಾರೆ. ಆದರೆ ಅವರ ಕ್ಲಬ್ ಮೋಹನ್ ಬಾಗಾನ್. ಅಲ್ಲಿ ಜೇಮಿ ಮೆಕ್ಲಾರೆನ್, ಜೇಸನ್ ಕಮ್ಮಿಂಗ್ಸ್‌ರಂಥ ಆಸ್ಟ್ರೇಲಿಯಾದ ಫಾರ್ವರ್ಡ್‌ಗಳ ಹಿಂದೆ ಸಾಲಿನಲ್ಲಿ ನಿಲ್ಲಬೇಕು. ಕ್ಲಬ್‌ನಲ್ಲಿ 90 ನಿಮಿಷ ಆಡದ ಹುಡುಗ ದೇಶಕ್ಕಾಗಿ ಒಂದೇ ಅವಕಾಶದಲ್ಲಿ ಗೋಲು ಹೊಡೆಯಬೇಕೆಂದು ನಾವೆಲ್ಲ ಬಯಸುತ್ತೇವೆ. ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಎಂಬ ಮಾತಿಗೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಈ ಕೊರತೆಯ ಗುರುತು ಇನ್ನೊಂದು ಕಡೆಯೂ ಕಾಣುತ್ತದೆ. ಪರ್ತ್‌ನಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ 2025ರ ನವೆಂಬರ್‌ನಲ್ಲಿ ಭಾರತದ ಪಾಸ್‌ಪೋರ್ಟ್ ಪಡೆದರು. ತಾಯಿಯ ಕಡೆಯಿಂದ ಮುಂಬೈ ನಂಟಿರುವ ಅವರ ನಿರ್ಧಾರ ಸ್ವಾಗತಾರ್ಹ. ಆದರೆ ಅವರಿಗೆ ಆಗಲೇ 32. ಅದು ಇಂದಿನ ಕೊರತೆಗೆ ಮದ್ದು, ಮುಂದಿನ ಹತ್ತು ವರ್ಷಕ್ಕಲ್ಲ.

ಪುಣೆ ಕಳೆದುಕೊಂಡದ್ದೇನು?

ಈಗ ಮತ್ತೆ ಪುಣೆಗೆ ಬರೋಣ. ಚೆಟ್ರಿಯ ಪಕ್ಕದಲ್ಲಿ ನಿಂತ ಆ ಜೆಜೆ ಹದಿಹರೆಯದಲ್ಲಿ ಸೇರಿದ್ದು ಪುಣೆ ಎಫ್‌ಸಿಯನ್ನು. ಅಲ್ಲಿಂದ ಎರವಲಾಗಿ ಇಂಡಿಯನ್ ಆರೋಸ್‌ಗೆ ಹೋದರು. ಅದು ಹುಡುಗರೇ ಆಡುತ್ತಿದ್ದ, ಗೆಲುವಿಗಿಂತ ಕಲಿಕೆ ಮುಖ್ಯವೆಂದು 2010ರಲ್ಲಿ ಕಟ್ಟಿದ ತಂಡ. ಮಲಪ್ಪುರಂನ ಆಶಿಕ್ ಕುರುಣಿಯನ್ ಕೂಡ ಪುಣೆಯ ಅಕಾಡೆಮಿಯಲ್ಲೇ ಬೆಳೆದು, ಎಫ್‌ಸಿ ಪುಣೆ ಸಿಟಿ ಪರ ಆಡಿ, ಬಳಿಕ ಬೆಂಗಳೂರಿಗೆ ಹೋದವರು. ಕೊಲ್ಹಾಪುರದ ಅನಿಕೇತ್ ಜಾಧವ್ ಪುಣೆಯ ಕ್ರೀಡಾ ಪ್ರಬೋಧಿನಿಯಲ್ಲಿ ಪಳಗಿ 2017ರ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಭಾರತದ ಮುಂಚೂಣಿಯಲ್ಲಿ ಆಡಿದರು.

ಪುಣೆಯ ಪಾತ್ರ ಹುಡುಗರನ್ನು ಬೆಳೆಸುವುದಾಗಿತ್ತು. ಅದು ಮುಂದುವರಿಯಲಿಲ್ಲ. ಪುಣೆ ಎಫ್‌ಸಿ ತಂಡ ಮುಚ್ಚಿತು. 2016ರಲ್ಲಿ ಅದರ ಅಕಾಡೆಮಿಯನ್ನು ಎಫ್‌ಸಿ ಪುಣೆ ಸಿಟಿ ವಹಿಸಿಕೊಂಡಿತು. 2019ರಲ್ಲಿ ಆರ್ಥಿಕ ಸಂಕಷ್ಟದಿಂದ ಆ ಕ್ಲಬ್ಬೂ ಬಾಗಿಲು ಹಾಕಿತು, ಐಎಸ್‌ಎಲ್‌ನಲ್ಲಿ ಅದರ ಜಾಗ ಹೈದರಾಬಾದ್ ಪಾಲಾಯಿತು. 2022ರಲ್ಲಿ ಇಂಡಿಯನ್ ಆರೋಸ್ ಕೂಡ ನಿಂತಿತು.

ಇದರ ಬಿಸಿ ಯಾರಿಗೆ? ತಾಲೀಮುಗಳ ಹೆಸರಿನಲ್ಲೇ ಫುಟ್‌ಬಾಲ್ ತಂಡಗಳಿರುವ, ಶಾಹು ಸ್ಟೇಡಿಯಂ ತುಂಬಿ ತುಳುಕುವ ಕೊಲ್ಹಾಪುರದಿಂದ ಓದಲೆಂದು ಸದಾಶಿವ ಪೇಠಕ್ಕೆ ಬಂದ ಹುಡುಗನಿಗೆ. ಗಡಿಯಾಚೆಯ ಬೆಳಗಾವಿಯಲ್ಲಿ ಬೂಟು ಕಟ್ಟುವ ಹುಡುಗನಿಗೆ. ಇವರಿಗೆ ಹತ್ತಿರದ ದೊಡ್ಡ ಮೆಟ್ಟಿಲಾಗಿದ್ದ ಊರಿನಲ್ಲಿ ಐಎಸ್‌ಎಲ್ ತಂಡವಿಲ್ಲ. ಮುಂಬೈಗೋ ಗೋವಾಕ್ಕೋ ಬೆಂಗಳೂರಿಗೋ ಹೋಗಲು ಹಣವೂ ಮನೆಯವರ ಒಪ್ಪಿಗೆಯೂ ಬೇಕು. ಅವೆರಡೂ ಸಿಗದಿದ್ದರೆ ಅಧ್ಯಯನ ಕೊಠಡಿಯ ಕುರ್ಚಿಯೇ ಗತಿ.

ಹಾಗಾದರೆ ಹೊಸಬ ಬರಬಹುದೇ?

ಬರಬಹುದು. 2022-23ರ ಬೆಂಗಳೂರು ಅದನ್ನು ತೋರಿಸಿದೆ. ಆದರೆ ಅದಕ್ಕೆ ಮೂರು ಷರತ್ತುಗಳಿವೆ.

ಮೊದಲನೆಯದು, ಹಿರಿಯ ಇರುವಾಗಲೇ ಹುಡುಗನನ್ನು ಇಳಿಸಬೇಕು. ಹಿರಿಯ ಆಟಗಾರನಿಗೆ ಕೊನೆಯ 25-30 ನಿಮಿಷ, ಹೊಸಬನಿಗೆ ಮೊದಲ ಒಂದು ಗಂಟೆ ಎಂಬ ಹಂಚಿಕೆ ಇಬ್ಬರಿಗೂ ಲಾಭ ತಂದಿದ್ದನ್ನು ಕಂಡಿದ್ದೇವೆ.

ಎರಡನೆಯದು, ಹುಡುಗ ಎರಡು ತಿಂಗಳು ಗೋಲು ಹೊಡೆಯದಿದ್ದರೂ ತಾಳ್ಮೆ ಬೇಕು. ಒಂದು ಋತುವಿನ ಪ್ರಶಸ್ತಿ ನೋಡಿ 'ಮುಂದಿನ ಚೆಟ್ರಿ' ಎಂದು ಹೊಗಳುವುದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿದಂತೆ. ಮರುವರ್ಷ ಅದೇ ಹುಡುಗನನ್ನು ಮರೆಯುವುದು ಅದಕ್ಕಿಂತ ದೊಡ್ಡ ತಪ್ಪು.

ಮೂರನೆಯದು, ಒಬ್ಬ ಹುಡುಗ ಸಾಲದು, ಹತ್ತು ಹುಡುಗರು ಬೇಕು. ಒಬ್ಬನ ಮೊಣಕಾಲು ಕೈಕೊಟ್ಟರೆ ಇನ್ನೊಬ್ಬ ಇರಬೇಕು. ಅದಕ್ಕೆ ಪುಣೆಯಂಥ ಊರುಗಳಲ್ಲಿ ಅಕಾಡೆಮಿಗಳು ಉಳಿಯಬೇಕು, ಹುಡುಗರಿಗೆ ವರ್ಷವಿಡೀ ಪಂದ್ಯಗಳು ಸಿಗಬೇಕು. 2022ರಲ್ಲಿ ಶುರುವಾದ ರಿಲಯನ್ಸ್ ಫೌಂಡೇಶನ್ ಡೆವಲಪ್‌ಮೆಂಟ್ ಲೀಗ್‌ನಂಥ ಕಿರಿಯರ ಟೂರ್ನಿಗಳು ಒಳ್ಳೆಯ ಆರಂಭ. ಆದರೆ ಅಲ್ಲಿ ಮಿಂಚಿದವರಿಗೆ ಮುಂದೆ ಹಿರಿಯರ ತಂಡದಲ್ಲಿ ಜಾಗ ಸಿಗದಿದ್ದರೆ ಆ ಶ್ರಮ ವ್ಯರ್ಥ.

2025ರ ನವೆಂಬರ್ 18ರಂದು ಢಾಕಾದಲ್ಲಿ ಚೆಟ್ರಿ ಇಲ್ಲದ ಭಾರತ ಬಾಂಗ್ಲಾದೇಶಕ್ಕೆ 0-1ರಿಂದ ಸೋತಿತು. 22 ವರ್ಷಗಳಲ್ಲಿ ಆ ತಂಡದೆದುರು ಭಾರತಕ್ಕೆ ಅದು ಮೊದಲ ಸೋಲು. ಇನ್ನೊಮ್ಮೆ ಚೆಟ್ರಿಯನ್ನು ಕರೆಯುವುದು ಉತ್ತರವಲ್ಲ ಎಂದು ಸಿಂಗಾಪುರ ಪಂದ್ಯಗಳು ಹೇಳಿದ್ದವು, ಚೆಟ್ರಿ ಹೋದರೆ ಸಾಕು ಎಂಬುದೂ ಉತ್ತರವಲ್ಲ ಎಂದು ಢಾಕಾ ಹೇಳಿತು. ಉಳಿದಿರುವ ದಾರಿ ಒಂದೇ. ಮುಂದಿನ ಪಂದ್ಯದ ಆರಂಭಿಕ ಹನ್ನೊಂದರಲ್ಲಿ 20ರ ಹುಡುಗನೊಬ್ಬನ ಹೆಸರು ಬರೆಯುವುದು, ಅವನು ಸುಲಭದ ಗೋಲೊಂದನ್ನು ತಪ್ಪಿಸಿದರೂ ಅದರ ಮುಂದಿನ ಪಂದ್ಯದಲ್ಲೂ ಆ ಹೆಸರನ್ನು ಉಳಿಸಿಕೊಳ್ಳುವುದು.